ಗುಜರಿಯಲ್ಲಿ ಸಿಕ್ಕ ಕಾಗದ ಯಾರದು?

ಚನ್ನರಾಯಪಟ್ಟಣದವರ ಪಾಲಿಗೆ ರೈಲು ಬಹಳ ಕಾಲ ಪಕ್ಕದ ಊರಿನ ಸಂಗತಿಯಾಗಿತ್ತು. ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಗೆ ಹೋಗುವ ಮೀಟರ್ ಗೇಜ್ ಹಳಿ 1918ರ ಹೊತ್ತಿಗೆ ತೆರೆದಿತ್ತು. ಚನ್ನರಾಯಪಟ್ಟಣಕ್ಕೆ ರೈಲು ಬಂದದ್ದು 2006ರಲ್ಲಿ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಕಾಲಕ್ಕೆ. ಬೆಂಗಳೂರಿನವರೆಗಿನ ಪೂರ್ತಿ ಮಾರ್ಗ ತೆರೆಯಲು 2017ರ ಮಾರ್ಚ್ ತನಕ ಕಾಯಬೇಕಾಯಿತು. ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಆದರೆ ಹಳಿ ಬಾರದ ಊರಿನ ಮನೆಗಳಲ್ಲೂ ರೈಲಿನ ಕಾಗದಗಳು ಇರುತ್ತವೆ. ಹಾಸನ, ಅರಸೀಕೆರೆ, ಮೈಸೂರುಗಳಲ್ಲಿ ಗ್ಯಾಂಗ್‌ಮನ್, ಗೇಟ್‌ಮನ್, ಪಾಯಿಂಟ್ಸ್‌ಮನ್ ಆಗಿ ದುಡಿದವರ ಟ್ರಂಕುಗಳಲ್ಲಿ ನಿಯಮ ಪುಸ್ತಕ, ಪಾಸು, ವೇಳಾಪಟ್ಟಿ, ಗುಂಪಿನ ಫೋಟೊ ಇತ್ಯಾದಿ ಉಳಿದಿರುತ್ತವೆ. ಯಜಮಾನ ತೀರಿಕೊಂಡ ಬಳಿಕ ಮನೆ ಖಾಲಿ ಮಾಡುವಾಗ ಅವು ತೂಕಕ್ಕೆ ಹೋಗುತ್ತವೆ.

ಕಚೇರಿಗಳ ಕತೆಯೂ ಬೇರೆಯಲ್ಲ. ಮೈಸೂರು ಸಂಸ್ಥಾನದ ರೈಲ್ವೆ 1950ರಲ್ಲಿ ಕೇಂದ್ರ ಸರಕಾರದ ವಶವಾಯಿತು, 1951ರಲ್ಲಿ ದಕ್ಷಿಣ ರೈಲ್ವೆಯ ಭಾಗವಾಯಿತು. 2003ರಲ್ಲಿ ನೈರುತ್ಯ ರೈಲ್ವೆ ಹುಟ್ಟಿದಾಗ ಮೈಸೂರು ವಿಭಾಗ ಅದಕ್ಕೆ ಸೇರಿತು. ನಡುವೆ 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಹೆಸರು ಬದಲಾದಾಗ, ಹಳಿ ಬದಲಾದಾಗ, ಕೈಬರಹದ ರಿಜಿಸ್ಟರಿನ ಜಾಗಕ್ಕೆ ಕಂಪ್ಯೂಟರ್ ಬಂದಾಗ ಹಳೆಯ ಕಾಗದ ಬೇಡವಾಗುತ್ತದೆ. ಬೇಡವಾದದ್ದು ಗುಜರಿ ಸೇರುತ್ತದೆ.

ಈ ಗುಜರಿಯಿಂದ ಅವುಗಳನ್ನು ಹೆಕ್ಕಿ ತೆಗೆಯುವವರು ಸಂಗ್ರಾಹಕರು. ಹಳೆಯ ರೈಲ್ವೆ ದಾಖಲೆ, ನಿಯಮ ಪುಸ್ತಕ, ಫೋಟೊಗಳನ್ನು ಹುಡುಕಿ ಕೂಡಿಡುವ ಹವ್ಯಾಸ ನಮ್ಮಲ್ಲೂ ಇದೆ, ಜಗತ್ತಿನ ಬೇರೆಡೆಯೂ ಇದೆ. ಇದನ್ನು ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರಿಲ್ಲದಿದ್ದರೆ ಎಷ್ಟೋ ಕಾಗದಗಳು ರಟ್ಟಿನ ಕಾರ್ಖಾನೆಯಲ್ಲಿ ಕೊಳೆತು ಮುಗಿದಿರುತ್ತಿದ್ದವು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ. ಹೀಗೆ ಸಿಕ್ಕ ಕಾಗದ ಯಾರದು?

'ನಾನು ಹಣ ಕೊಟ್ಟಿದ್ದೇನೆ, ಆದ್ದರಿಂದ ನನ್ನದು' ಎಂಬುದು ಸರಳ ಉತ್ತರ. ಕಾನೂನು ಇಷ್ಟು ಸರಳವಾಗಿ ಯೋಚಿಸುವುದಿಲ್ಲ. ಕೇಂದ್ರ ಸರಕಾರದ ಇಲಾಖೆಗಳ ದಾಖಲೆಗಳನ್ನು ಹೇಗೆಂದರೆ ಹಾಗೆ ನಾಶ ಮಾಡಬಾರದೆಂದು 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಹೇಳುತ್ತದೆ. 1892ಕ್ಕಿಂತ ಹಿಂದಿನ ದಾಖಲೆಯನ್ನಂತೂ, ಅದು ಯಾವ ಉಪಯೋಗಕ್ಕೂ ಬಾರದಷ್ಟು ಹಾಳಾಗಿದೆ ಎಂದು ಪತ್ರಾಗಾರದ ಮುಖ್ಯಸ್ಥರಿಗೆ ಮನವರಿಕೆಯಾದ ಹೊರತು, ನಾಶಪಡಿಸುವಂತಿಲ್ಲ. 1972ರ ಪ್ರಾಚ್ಯವಸ್ತುಗಳ ಕಾಯ್ದೆಯ ಪ್ರಕಾರ ಚಾರಿತ್ರಿಕ ಮೌಲ್ಯವುಳ್ಳ ದಾಖಲೆಗೆ 75 ವರ್ಷ ತುಂಬಿದರೆ ಅದು ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಂದರೆ ಕೊಂಡವನ ಹಕ್ಕಿನ ಜೊತೆಗೆ ಸಮಾಜದ ಹಕ್ಕೂ ಆ ಕಾಗದಕ್ಕೆ ಅಂಟಿಕೊಂಡೇ ಇದೆ. ಆದರೆ ಕಾನೂನಿನ ಮಾತು ಕಾನೂನಿಗೇ ಇರಲಿ. ಗುಜರಿ ಅಂಗಡಿಗೆ ಪತ್ರಾಗಾರದ ಅಧಿಕಾರಿ ಬರುವುದಿಲ್ಲ. ಅಲ್ಲಿರುವುದು ಮಾರುವವನು, ಕೊಳ್ಳುವವನು ಮತ್ತು ಅವರಿಬ್ಬರ ಅಂತಃಸಾಕ್ಷಿ ಮಾತ್ರ.

ಮೊದಲು ಬೆಲೆಯ ವಿಷಯ ನೋಡೋಣ. ನಿವೃತ್ತ ಗ್ಯಾಂಗ್‌ಮನ್ ಒಬ್ಬರ ವಿಧವೆ ಟ್ರಂಕಿನ ಕಾಗದಗಳನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಒಂದು ಫೋಟೊ ಸಾವಿರಾರು ರೂಪಾಯಿ ಬಾಳುತ್ತದೆಂದು ಕೊಳ್ಳುವವನಿಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಆಕೆ ಕೇಳಿದ್ದನ್ನು ಕೊಟ್ಟೆನಲ್ಲ, ಇದರಲ್ಲಿ ವಂಚನೆ ಎಲ್ಲಿದೆ ಎಂದು ಅವನು ಕೇಳಬಹುದು. ಹಳ್ಳಿಯಿಂದ ಸರಕು ತರುವ ವರ್ತಕರ ತಂಡವನ್ನು, ಅವರು ಪೇಟೆ ಮುಟ್ಟಿ ಅಲ್ಲಿನ ಧಾರಣೆ ತಿಳಿಯುವ ಮೊದಲೇ, ಊರ ಹೊರಗೆ ಎದುರುಗೊಂಡು ಖರೀದಿಸುವುದನ್ನು ಪ್ರವಾದಿ ಮುಹಮ್ಮದ್(ಸ) ನಿಷೇಧಿಸಿದ್ದರು. ಅಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ, ತೂಕದಲ್ಲೂ ಮೋಸವಿರುವುದಿಲ್ಲ. ಒಬ್ಬನ ಅರಿವಿಲ್ಲದಿರುವಿಕೆಯೇ ಇನ್ನೊಬ್ಬನ ಲಾಭವಾಗಿರುತ್ತದೆ, ಅಷ್ಟೇ. ನಿಷೇಧಕ್ಕೆ ಅಷ್ಟೇ ಸಾಕಾಯಿತು. ಹಳೆಯ ಕಾಗದದ ವ್ಯಾಪಾರ ಬಹುಮಟ್ಟಿಗೆ ನಡೆಯುವುದು ಹೀಗೆ, ಪೇಟೆಯ ಹೊರಗಿನ ಈ ದಾರಿಯಲ್ಲೇ.

ಬೆಲೆ ನ್ಯಾಯವಾಗಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ಏಕೆಂದರೆ ಮಾರಿದವನಿಗೆ ಆ ಕಾಗದದ ಮೇಲೆ ಪೂರ್ತಿ ಹಕ್ಕಿತ್ತೇ ಎಂಬುದು ಎಷ್ಟೋ ಸಲ ಯಾರಿಗೂ ತಿಳಿದಿರುವುದಿಲ್ಲ. ಇಲ್ಲಿ ಇಸ್ಲಾಮಿನ ಇನ್ನೊಂದು ನಿಯಮ ನಮಗೆ ದಾರಿ ತೋರಿಸುತ್ತದೆ. ದಾರಿಯಲ್ಲಿ ಬಿದ್ದು ಸಿಕ್ಕ ವಸ್ತುವಿಗೆ 'ಲುಕ್ತ' ಎನ್ನುತ್ತಾರೆ. ಸಿಕ್ಕವನು ಅದರ ಚೀಲವನ್ನೂ ಅದರ ಕಟ್ಟನ್ನೂ ಗುರುತಿಟ್ಟುಕೊಂಡು ಒಂದು ವರ್ಷ ಕಾಲ ಜನರಿಗೆ ಸಾರಬೇಕು. ಯಾರೂ ಬಾರದಿದ್ದರೆ ಬಳಸಿಕೊಳ್ಳಬಹುದು. ಆದರೆ ಆಮೇಲೆ ಎಂದಾದರೂ ವಾರಸುದಾರ ಬಂದರೆ ಅವನ ಹಕ್ಕು ಅವನಿಗೇ. ಹಣ ಕೊಟ್ಟು ಕೊಂಡ ಕಾಗದ ಶಾಸ್ತ್ರದ ಕಟ್ಟುನಿಟ್ಟಾದ ಅರ್ಥದಲ್ಲಿ ಲುಕ್ತ ಅಲ್ಲ, ನಿಜ. ಆದರೆ ಈ ನಿಯಮದ ಹಿಂದಿರುವ ನೀತಿ ಹಳೆಯ ದಾಖಲೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಸಿಕ್ಕವನು ತಪ್ಪಿತಸ್ಥನಲ್ಲ. ಎತ್ತಿಟ್ಟು ಕಾಪಾಡಿದ್ದಕ್ಕೆ ಅವನಿಗೆ ಪುಣ್ಯವೂ ಇದೆ. ಆದರೆ ಸಿಕ್ಕಿದೆ ಎಂದು ಸಾರದೆ ಮುಚ್ಚಿಟ್ಟರೆ ಅವನ ಸ್ಥಿತಿ ಬದಲಾಗುತ್ತದೆ.

ಯಾರಿಗೆ ಸಾರಬೇಕು? ಹಳೆಯ ರೈಲ್ವೆ ಕಾಗದಕ್ಕೂ ವಾರಸುದಾರರು ಇದ್ದಾರೆಯೇ? ಖಂಡಿತ ಇದ್ದಾರೆ. ಬೆಂಗಳೂರು–ಮೈಸೂರು ಹಳಿಯ ಕೆಲಸ ಶುರುವಾದದ್ದು 1876–78ರ ಘೋರ ಕ್ಷಾಮದ ದಿನಗಳಲ್ಲಿ, ಪರಿಹಾರ ಕಾಮಗಾರಿಯಾಗಿ. ಹೊಟ್ಟೆಗಿಲ್ಲದ ಜನ ಮಣ್ಣು ಹೊತ್ತು ಕಟ್ಟಿದ ದಾರಿ ಅದು. 1882ರಲ್ಲಿ ಅದು ಮೈಸೂರು ಮುಟ್ಟಿತು. ಆ ಜನರ ಹೆಸರು ಯಾವ ಫಲಕದ ಮೇಲೂ ಇಲ್ಲ. ಅಂಥವರ ಗುರುತು ಉಳಿದಿದ್ದರೆ ಅದು ಹಾಜರಿ ಪಟ್ಟಿಯಲ್ಲಿ, ಕೂಲಿ ಲೆಕ್ಕದಲ್ಲಿ, ಯಾವುದೋ ಫೋಟೊದ ಅಂಚಿನಲ್ಲಿ ಉಳಿದಿರಬೇಕು. ಹಳೆಯ ಫೋಟೊದಲ್ಲಿ ಕುರ್ಚಿಯ ಮೇಲೆ ಕುಳಿತ ಅಧಿಕಾರಿಯ ಹೆಸರು ಕೆಳಗೆ ಬರೆದಿರುತ್ತದೆ, ಹಿಂದೆ ನಿಂತವರ ಹೆಸರು ಇರುವುದಿಲ್ಲ. ಅವರನ್ನು ಗುರುತಿಸಬಲ್ಲ ಮೊಮ್ಮಗಳು ಹಾಸನದಲ್ಲೋ ಹೊಳೆನರಸೀಪುರದಲ್ಲೋ ಇರಬಹುದು. ಫೋಟೊ ಬೀರುವಿನಲ್ಲಿ ಬೀಗದೊಳಗಿದ್ದರೆ ಆಕೆ ಗುರುತಿಸುವುದು ಹೇಗೆ?

ಇದು ಬರೀ ಭಾವನೆಯ ಮಾತಲ್ಲ. ಅಸ್ಸಾಮಿನ ಪೌರತ್ವ ನೋಂದಣಿಯ ಅಂತಿಮ ಪಟ್ಟಿ 2019ರ ಆಗಸ್ಟ್ 31ರಂದು ಪ್ರಕಟವಾದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅಲ್ಲಿ ಒಪ್ಪಿಕೊಂಡ ಹಳೆಯ ದಾಖಲೆಗಳ ಪಟ್ಟಿಯಲ್ಲಿ ಸರಕಾರಿ ನೌಕರಿಯ ಪ್ರಮಾಣಪತ್ರವೂ ಇತ್ತು. ಅಜ್ಜ ರೈಲ್ವೆಯಲ್ಲಿ ದುಡಿದಿದ್ದ ಎಂಬುದಕ್ಕೆ ಒಂದು ಹಾಳೆ ಸಿಕ್ಕಿದ್ದರೆ ಒಂದು ಕುಟುಂಬದ ಬದುಕೇ ಬೇರೆಯಾಗಿರುತ್ತಿತ್ತು ಎಂಬ ಸ್ಥಿತಿ ಈ ದೇಶದಲ್ಲಿ ಬಂದುಹೋಗಿದೆ. ಒಬ್ಬನ ಆಲ್ಬಮ್ಮಿಗೆ ಅಂದವಾದ ಹಾಳೆ ಇನ್ನೊಬ್ಬನಿಗೆ ತಾನು ಇಲ್ಲಿಯವನೆಂಬುದಕ್ಕೆ ಸಾಕ್ಷಿಯಾಗಿರಬಹುದು. ಬಡವರ ಬಳಿ ಕಾಗದ ಉಳಿಯುವುದೇ ಕಡಿಮೆ. ಉಳಿದದ್ದೂ ಅವರಿಗೆ ಕಾಣದಂತಾದರೆ ಅವರು ಯಾವುದನ್ನು ತೋರಿಸಬೇಕು?

ಸಾರುವುದೆಂದರೆ ಎಲ್ಲವನ್ನೂ ಬೀದಿಯಲ್ಲಿ ಹರಡುವುದೆಂದಲ್ಲ. ರೈಲ್ವೆ ಕಡತಗಳಲ್ಲಿ ಶಿಕ್ಷೆಯ ವಿವರ, ಅಪಘಾತದ ವಿಚಾರಣೆ, ಕಾಯಿಲೆಯ ದಾಖಲೆಗಳೂ ಇರುತ್ತವೆ. ಕುಡಿದು ಕೆಲಸಕ್ಕೆ ಬಂದನೆಂದು ದಂಡ ತೆತ್ತವನ ಮಕ್ಕಳು ಇನ್ನೂ ಅದೇ ಊರಿನಲ್ಲಿರಬಹುದು. ಸಹೋದರನ ಕುಂದನ್ನು ಮುಚ್ಚುವುದು ಕೂಡಾ ನಮಗೆ ಕಲಿಸಿರುವ ಪಾಠವೇ. ಆದ್ದರಿಂದ ಇಂಥದ್ದೊಂದು ದಾಖಲೆ ತನ್ನಲ್ಲಿದೆ ಎಂದು ತಿಳಿಸಿದರೆ ಸಾಕು. ಸಂಬಂಧಪಟ್ಟವರು ಕೇಳಿ ಬಂದಾಗ ತೋರಿಸುವುದು, ಬೇರೆಯವರ ಕುತೂಹಲಕ್ಕೆ ತಡೆ ಹಾಕುವುದು ಸಂಗ್ರಾಹಕನ ವಿವೇಕಕ್ಕೆ ಬಿಟ್ಟದ್ದು.

ಹಾಗಾದರೆ ಸಂಗ್ರಾಹಕ ಮಾಡಬೇಕಾದದ್ದೇನು? ಯಾವ ಕಾಗದ ಯಾವ ಊರಿನಲ್ಲಿ, ಯಾವಾಗ, ಯಾರ ಕೈಯಿಂದ ಬಂತು ಎಂದು ಬರೆದಿಡುವುದು. ಚೀಲ ಮತ್ತು ಕಟ್ಟನ್ನು ಗುರುತಿಟ್ಟುಕೊಳ್ಳುವುದೆಂದರೆ ಇದೇ. ಒಂದು ಪಟ್ಟಿ ಮಾಡಿ ಅದರ ಪ್ರತಿಯನ್ನು ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಕೊಡುವುದು. ಫೋಟೊಗಳ ನಕಲು ತೆಗೆದು ಆ ಕುಟುಂಬಗಳಿಗೆ ತಲುಪಿಸುವುದು. ತನ್ನ ನಂತರ ಸಂಗ್ರಹ ಎಲ್ಲಿಗೆ ಹೋಗಬೇಕೆಂದು ಬದುಕಿರುವಾಗಲೇ ತೀರ್ಮಾನಿಸುವುದು. ಮೈಸೂರಿನಲ್ಲಿ 1979ರಿಂದ ರೈಲ್ವೆ ವಸ್ತುಸಂಗ್ರಹಾಲಯವಿದೆ, 2020ರಲ್ಲಿ ಹುಬ್ಬಳ್ಳಿಯಲ್ಲೂ ಒಂದು ತೆರೆದಿದೆ. ಹೀಗೆ ಮಾಡಿದವನ ಸಂಗ್ರಹ ಅವನ ಮನೆಯಲ್ಲೇ ಇದ್ದರೂ ತಪ್ಪಿಲ್ಲ. ಕಾಪಾಡುವ ಖರ್ಚು, ಶ್ರಮ ಅವನದು. ಅದರ ಸಂತೋಷವೂ ಅವನದಾಗಲಿ.

ಪ್ರವಾದಿಯವರು(ಸ) ಮಕ್ಕಾ ತೊರೆದ ರಾತ್ರಿ, ತಮ್ಮಲ್ಲಿ ಜನರು ಇರಿಸಿದ್ದ ಅಮಾನತ್ತುಗಳನ್ನು ಹಿಂದಿರುಗಿಸಲೆಂದೇ ಹಝ್ರತ್ ಅಲೀ(ರ)ಯವರನ್ನು ಅಲ್ಲಿ ಉಳಿಸಿ ಹೋದರು. ಆ ವಸ್ತುಗಳ ಒಡೆಯರ ಊರೇ ಅವರ ಜೀವ ತೆಗೆಯಲು ಹೊಂಚು ಹಾಕಿತ್ತು. ಅಷ್ಟಾದರೂ ವಸ್ತು ಯಾರದೋ ಅವರಿಗೇ ಸೇರಬೇಕಿತ್ತು.

ಸಂಗ್ರಾಹಕರು ಬಹಳವಾಗಿ ಮೆಚ್ಚುವ ನಿಯಮ ಪುಸ್ತಕದಲ್ಲೇ ಈ ಮಾತಿನ ಇನ್ನೊಂದು ರೂಪ ಇದೆ. ರೈಲ್ವೆ ನೌಕರನಿಗೆ ಕೊಟ್ಟ ಪುಸ್ತಕವನ್ನು ಅವನು ಸುಸ್ಥಿತಿಯಲ್ಲಿ ಇಡಬೇಕು, ಕಾಲಕಾಲಕ್ಕೆ ಬಂದ ತಿದ್ದುಪಡಿ ಚೀಟಿಗಳನ್ನು ಅಂಟಿಸಬೇಕು, ಮೇಲಿನವರು ಕೇಳಿದಾಗ ಹಾಜರುಪಡಿಸಬೇಕು ಎಂದು ರೈಲ್ವೆಯ ಸಾಮಾನ್ಯ ನಿಯಮಗಳು ವಿಧಿಸುತ್ತವೆ. ಪುಸ್ತಕ ಅವನ ಕೈಯಲ್ಲಿತ್ತು, ಆದರೆ ಅದು ಇದ್ದದ್ದು ರೈಲಿನಲ್ಲಿ ಕುಳಿತ ಅಪರಿಚಿತರ ಪ್ರಾಣಕ್ಕಾಗಿ. ಇಂದು ಅದೇ ಪುಸ್ತಕ ಸಂಗ್ರಾಹಕನ ಕೈಗೆ ಬಂದಿದೆ. ಆ ಗ್ಯಾಂಗ್‌ಮನ್‌ನ ಮೊಮ್ಮಕ್ಕಳು ಬಂದು ಕೇಳಿದರೆ ಅವನೂ ಅದನ್ನು ಹಾಜರುಪಡಿಸಬೇಕು.