ಮೂರನೇ ಸಲ ಹಿಂದಿರುಗದ ಪಾರಿವಾಳ

ಎಲ್ಲರೂ ಆದಿಕಾಂಡ 8ನೇ ಅಧ್ಯಾಯ ತೆಗೀರಿ. ಮೊಬೈಲಲ್ಲಿ ತೆಗೆಯೋರು ದಾರಿಯಲ್ಲಿ ವಾಟ್ಸಾಪ್‌ಗೆ ಹೋಗಬೇಡಿ.

ಏಳನೇ ಕ್ಲಾಸಲ್ಲಿದ್ದಾಗ ನಾನು ನಮ್ಮ ತಾರಸಿ ಮೇಲೆ ಪಾರಿವಾಳ ಸಾಕ್ತಿದ್ದೆ. ಬೆಂಗಳೂರಿನ ಹಳೇ ಏರಿಯಾಗಳಲ್ಲಿ ಬೆಳೆದವರಿಗೆ ಈ ಹುಚ್ಚು ಗೊತ್ತು. ಹಣ್ಣಿನ ಪೆಟ್ಟಿಗೆಯ ಹಲಗೆಯಲ್ಲಿ ಮಾಡಿದ ಗೂಡು, ಒಂದು ಡಬ್ಬಿ ಜೋಳ, ಜೊತೆಗೆ ಅಮ್ಮನ ಬೈಗುಳ. ಹೊಸ ಪಾರಿವಾಳ ತಂದ್ರೆ ತಕ್ಷಣ ಹಾರಿಸೋ ಹಾಗಿಲ್ಲ, ಹಳೇ ಮನೆಗೇ ಹೊರಟುಬಿಡುತ್ತೆ. ಅದಕ್ಕೇ ರೆಕ್ಕೆಯ ಗರಿಗಳನ್ನು ದಾರದಿಂದ ಕಟ್ಟಿ ಕೆಲವು ವಾರ ತಾರಸಿ ಮೇಲೇ ಓಡಾಡೋಕೆ ಬಿಡ್ತೀವಿ. ಗೂಡು, ನೀರಿನ ಬಟ್ಟಲು, ಸುತ್ತಲಿನ ಮನೆಗಳು, ಎಲ್ಲವನ್ನೂ ಅದು ನೋಡಿ ನೋಡಿ ಗುರುತು ಮಾಡಿಕೊಳ್ಳುತ್ತೆ. ಆಮೇಲೆ ದಾರ ಬಿಚ್ಚಬೇಕು. ಹಸಿದಿರುವಾಗ ಬಿಟ್ರೆ, ಡಬ್ಬಿ ಅಲ್ಲಾಡಿಸಿದ ಸದ್ದಿಗೆ ಇಳಿದು ಬರುತ್ತೆ.

ನನ್ನ ಹತ್ರ ಒಂದು ಬಿಳಿ ಪಾರಿವಾಳ ಇತ್ತು. ಕ್ರಿಸ್ಮಸ್‌ಗೆ ಸಿಕ್ಕಿದ ದುಡ್ಡೆಲ್ಲ ಹಾಕಿ ತಂದಿದ್ದು. ಅದರ ದಾರ ಬಿಚ್ಚೋಕೆ ಮನಸ್ಸೇ ಬರಲಿಲ್ಲ. ಹೋಗಿಬಿಟ್ರೆ? ಮೂರು ತಿಂಗಳು ಕಟ್ಟೇ ಇಟ್ಟೆ. ಪಕ್ಕದ ಮನೆ ಅಣ್ಣ, "ಲೋ, ಇದು ಪಾರಿವಾಳನೋ, ಕೋಳಿನೋ?" ಅಂತ ನಗ್ತಿದ್ದ. ಒಂದು ಮಧ್ಯಾಹ್ನ ಬೆಕ್ಕು ಬಂತು. ಉಳಿದವೆಲ್ಲ ಹಾರಿ ನೀರಿನ ಟ್ಯಾಂಕ್ ಮೇಲೆ ಕೂತವಂತೆ. ನಾನು ಸ್ಕೂಲಿಂದ ಬಂದಾಗ ಒಂದಿಷ್ಟು ಬಿಳಿ ಗರಿ ಬಿದ್ದಿತ್ತು. ದಾರ ಹಾಗೇ ಇತ್ತು.

ದೇವರ ಮಕ್ಕಳೇ, ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ದೊಡ್ಡವನಾದ ಮೇಲೂ ನಾನು ಅದೇ ಕೆಲಸ ಮಾಡಿದೆ. ನಮ್ಮ ಸಭೆಯಲ್ಲಿ ಕೀಬೋರ್ಡ್ ನುಡಿಸ್ತಿದ್ದ ತಮ್ಮ ಒಬ್ಬ ಕೆಲಸಕ್ಕಂತ ವೈಟ್‌ಫೀಲ್ಡ್‌ನ ಪಿ.ಜಿ.ಗೆ ಹೋದ. ಅಲ್ಲೇ ಒಂದು ಪ್ರಾರ್ಥನಾ ಕೂಟ ಶುರು ಮಾಡ್ತೀನಿ, ಭಾನುವಾರ ಹತ್ತಿರದ ಸಭೆಗೆ ಹೋಗ್ತೀನಿ ಅಂತ ಕೇಳಿದ. ನಾನು ಬೇಡ ಅಂದೆ. ಅಷ್ಟೇ ಅಲ್ಲ, ಸಭೆಯ ಕವರಿಂಗ್ ಬಿಟ್ಟು ಹೋದವರಿಗೆ ಆಶೀರ್ವಾದ ಇರಲ್ಲ ಅಂತ ಇದೇ ಪುಲ್ಪಿಟ್‌ನಿಂದ ಹೇಳಿದೆ. ಹೆಸರು ಹೇಳಲಿಲ್ಲ, ಆದ್ರೆ ಅವನಿಗೆ ಗೊತ್ತಾಯ್ತು. ನಿಜ ಹೇಳಬೇಕಂದ್ರೆ ನನ್ನ ಚಿಂತೆ ಅವನ ಆತ್ಮದ ಬಗ್ಗೆ ಇರಲಿಲ್ಲ, ಕೀಬೋರ್ಡ್ ಬಗ್ಗೆ ಇತ್ತು. ನಾಲ್ಕು ತಿಂಗಳು ಬಂದ. ಎಷ್ಟು ನಂಬಿಗಸ್ತ ಅಂತ ನಾನು ಖುಷಿಪಟ್ಟೆ. ಆಮೇಲೆ ನಿಂತುಹೋದ. ಈಗ ಯಾವ ಸಭೆಗೂ ಹೋಗ್ತಿಲ್ಲ.

ಹೋಗೋಕೆ ಭಯಪಟ್ಟು ಉಳಿದವನನ್ನು ನಂಬಿಗಸ್ತ ಅನ್ನಬಹುದಾ? ಅವತ್ತು ಹೌದು ಅಂದುಕೊಂಡಿದ್ದೆ. ಈಗ ಅನ್ನಲ್ಲ. ಹಾಗಂತ ಶಿಸ್ತೇ ಬೇಡ ಅಂತಿಲ್ಲ. ಹೊಸದಾಗಿ ರಕ್ಷಣೆ ಹೊಂದಿದವರಿಗೆ ಮನೆಯ ಗುರುತು ಆಗಬೇಕು, ಅದಕ್ಕೆ ಸ್ವಲ್ಪ ಕಾಲ ಕಟ್ಟು ಬೇಕು. ಆದ್ರೆ ಯಾವಾಗ ಬಿಚ್ಚಬೇಕು ಅಂತ ನೋಡೋದು ಕಟ್ಟಿದವನ ಕೆಲಸ. ಬಿಚ್ಚಿದ್ರೆ ನಷ್ಟ ಇಲ್ಲ ಅಂತಾನೂ ಸುಳ್ಳು ಹೇಳಲ್ಲ. ನಾನು ಹಾರಿಸಿದವುಗಳಲ್ಲಿ ಎರಡನ್ನ ಗಿಡುಗ ಹಿಡೀತು.

ಈಗ ನೋಹನನ್ನು ನೋಡಿ. ಮೊದಲ ಸಲ ಬಿಟ್ಟ ಪಾರಿವಾಳಕ್ಕೆ ಕಾಲಿಡೋಕೆ ಜಾಗ ಸಿಗಲಿಲ್ಲ, ವಾಪಸ್ ಬಂತು. ಆತ ಕೈಚಾಚಿ ಒಳಗೆ ತಗೊಂಡ. ಏಳು ದಿನ ಬಿಟ್ಟು ಮತ್ತೆ ಕಳಿಸಿದ, ಎಣ್ಣೆಮರದ ಚಿಗುರು ತಂತು. ಇನ್ನೂ ಏಳು ದಿನ ಬಿಟ್ಟು ಕಳಿಸಿದಾಗ ಬರಲೇ ಇಲ್ಲ. ನಾನಾಗಿದ್ರೆ ಡಬ್ಬಿ ಅಲ್ಲಾಡಿಸಿ ಕೂಗಾಡ್ತಿದ್ದೆ. ನೋಹ ದೂರಿದ ಅಂತ ವಾಕ್ಯದಲ್ಲಿ ಎಲ್ಲೂ ಇಲ್ಲ. ಅದು ಬಾರದೆ ಇದ್ದದ್ದೇ ಶುಭಸುದ್ದಿ: ಹೊರಗೆ ಬದುಕೋಕೆ ನೆಲ ಇದೆ! ನಾವೆ ಇದ್ದದ್ದೇ ಆ ನೆಲಕ್ಕೆ ತಲುಪಿಸೋಕೆ.

ಅಂತಿಯೋಕ್ಯದ ಸಭೆಯೂ ಹೀಗೇ. ಅಪೊಸ್ತಲರ ಕೃತ್ಯಗಳು 13ರಲ್ಲಿ ಐದು ಜನರ ಹೆಸರಿದೆ. ಪವಿತ್ರಾತ್ಮನು ಕೇಳಿದ್ದು ಬಾರ್ನಬನನ್ನೂ ಸೌಲನನ್ನೂ. ಸಭೆ ಉಪವಾಸ ಮಾಡಿ, ಪ್ರಾರ್ಥಿಸಿ, ಕೈಯಿಟ್ಟು ಕಳಿಸಿಬಿಟ್ಟಿತು. ಮುಂದಿನ ಭಾನುವಾರ ಯಾರು ಬೋಧಿಸ್ತಾರೆ ಅಂತ ಅಲ್ಲೂ ಯಾರೋ ಕೇಳಿರಬೇಕು ಬಿಡಿ.

ಸೆಲ್ ಗ್ರೂಪ್ ಲೀಡರ್‌ಗಳೇ, ನೀವು ದಾರ ಬಿಚ್ಚದೆ ಇಟ್ಟಿರೋ ಒಬ್ಬರ ಹೆಸರು ಈಗ ನಿಮ್ಮ ಮನಸ್ಸಿಗೆ ಬಂದಿರುತ್ತೆ. ನಾನೂ ಆ ತಮ್ಮನಿಗೆ ಕ್ಷಮೆ ಕೇಳಿ ಮೆಸೇಜ್ ಬರೆದು ಮೂರು ದಿನ ಆಯ್ತು, ಕಳಿಸೋಕೆ ಧೈರ್ಯ ಬಂದಿಲ್ಲ. ಎದ್ದು ನಿಲ್ಲಿ, ಪ್ರಾರ್ಥಿಸೋಣ. ಆರಾಧನೆ ಮುಗಿದ ಮೇಲೆ ನಾನು ಕಳಿಸ್ತೀನಿ.