ಗುಂಡಿನ ಆಯ್ಕೆಯೂ ಬೇಟೆಗಾರನ ಧರ್ಮವೂ

ಕೊಲ್ಲಹೊರಟವನಿಗೆ ಕೊಲ್ಲುವ ಸಾಧನದ ವಿಷಯದಲ್ಲಿ ಧರ್ಮಾಧರ್ಮವಿಚಾರವುಂಟೆ? ಈ ಪ್ರಶ್ನೆ ಮೇಲುನೋಟಕ್ಕೆ ಹಾಸ್ಯಾಸ್ಪದವಾಗಿ ಕಾಣಬಹುದು. ಆದರೆ ಕೊಡಗಿನಂಥ ನಾಡಿನಲ್ಲಿ ಇದನ್ನು ನಕ್ಕು ಬಿಡುವಂತಿಲ್ಲ. ಇಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಮರಣವಾದರೆ ಎರಡು ಈಡು. ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್‌ಪೂವಿನ ಅಲಂಕಾರ, ಪೂಜೆ. ಆಯುಧಕ್ಕೆ ಪರವಾನಗಿ ಬೇಕೆಂಬ ವಿಧಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೋವಿಯನ್ನು ಇಷ್ಟು ಗೌರವಿಸುವ ನಾವು ಅದರೊಳಗೆ ತುಂಬುವ ಗುಂಡಿನ ವಿಷಯದಲ್ಲಿ ಎಷ್ಟು ವಿಚಾರಮಾಡಿದ್ದೇವೆ?

ಈ ಸಂದೇಹ ನನ್ನಲ್ಲಿ ಹುಟ್ಟಿದುದು ಗ್ರಂಥದಿಂದಲ್ಲ. ನಾನು ಹತ್ತು ವರ್ಷದ ಬಾಲಕನಾಗಿದ್ದಾಗ ಬೇಟೆಗೆ ಈಗಿನ ನಿಷೇಧ ಬಂದಿರಲಿಲ್ಲ. ಭಾಗಮಂಡಲದ ಮೇಲಣ ಕಾಡಿನಲ್ಲಿ ನಮ್ಮವರೇ ಆದ ಒಬ್ಬ ಹೆಸರುವಾಸಿ ಈಡುಗಾರರು ಒಂದು ಕಡವೆಗೆ ಗುಂಡು ಹೊಡೆದರು. ರೈಫಲಿನಲ್ಲಿ ಆಗ ಇದ್ದುದು ಕಾಟಿಗೆಂದು ಇರಿಸಿಕೊಂಡಿದ್ದ ಗಟ್ಟಿ ಕವಚದ ಗುಂಡು. “ಗುಂಡು ಯಾವುದಾದರೇನು, ಗುರಿ ಸರಿಯಿದ್ದರೆ ಸಾಕು” ಎಂದರಂತೆ. ಗುರಿ ಒಂದು ಗೇಣು ಹಿಂದಕ್ಕೆ ಸರಿಯಿತು. ಗುಂಡು ಒಂದು ಪಕ್ಕೆಯಲ್ಲಿ ಹೊಕ್ಕು ಇನ್ನೊಂದು ಪಕ್ಕೆಯಲ್ಲಿ ಹೊರಟುಹೋಯಿತು, ಮೃಗ ಬೀಳಲಿಲ್ಲ. ಮಳೆ ಬಂದು ನೆತ್ತರ ಜಾಡು ಅಳಿಯಿತು. ಕತ್ತಲಾಯಿತೆಂದು ಎಲ್ಲರೂ ಹಿಂದಿರುಗಿದರು. ಮೂರನೆಯ ದಿನ ನಾವು ಹುಡುಗರು ದನ ಹುಡುಕುತ್ತ ಹೋದಾಗ ಅದು ತೊರೆಯ ದಡದಲ್ಲಿ ಕಾಲು ಮಡಿಸಿ ಬಿದ್ದಿತ್ತು. ಜೀವವಿತ್ತು. ನೊಣಗಳನ್ನು ಕಿವಿಯಿಂದ ಅಟ್ಟುವ ಶಕ್ತಿಯಿರಲಿಲ್ಲ. ನೀರು ಒಂದು ಮಾರು ದೂರದಲ್ಲಿತ್ತು. ಅಷ್ಟನ್ನು ಕ್ರಮಿಸಲು ಅದಕ್ಕಾಗಿರಲಿಲ್ಲ. ಸುದ್ದಿ ತಿಳಿದು ಆ ಹಿರಿಯರು ಬಂದು ಇನ್ನೊಂದು ಗುಂಡಿನಿಂದ ಅದರ ಸಂಕಟವನ್ನು ಮುಗಿಸಿದರು. ಮನೆಯವರೆಗೂ ಒಂದು ಮಾತನ್ನೂ ಆಡಲಿಲ್ಲ.

ಗುಂಡುಗಳಲ್ಲಿ ಇರುವ ಭೇದವನ್ನು ಮೊದಲು ತಿಳಿಯಬೇಕು. ಕೇಪಿನ ಕೋವಿಗಳ ಕಾಲದಲ್ಲಿ ಗುಂಡೆಂದರೆ ಬರಿಯ ಸೀಸ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು ಬಂದು ವೇಗ ಬಹಳವಾಗಿ ಹೆಚ್ಚಿತು. ಬರಿಯ ಸೀಸ ಆ ವೇಗವನ್ನು ತಾಳದುದರಿಂದ ಅದಕ್ಕೆ ತಾಮ್ರಾದಿ ಲೋಹಗಳ ಕವಚವನ್ನು ತೊಡಿಸಿದರು. ಕವಚವು ಮೂತಿಯನ್ನೂ ಮುಚ್ಚಿದ್ದರೆ ಗುಂಡು ರೂಪಗೆಡದೆ ಕಿರಿದಾದ ರಂಧ್ರವನ್ನು ಕೊರೆದು ಹೊರಬೀಳುತ್ತದೆ. ಮೂತಿಯಲ್ಲಿ ಸೀಸವನ್ನು ತೆರೆದಿಟ್ಟರೆ ಅದು ಅಣಬೆಯಂತೆ ಅರಳಿ ತನ್ನ ಬಲವನ್ನು ಶರೀರದೊಳಗೇ ವ್ಯಯಮಾಡುತ್ತದೆ. ಹೃದಯ ಶ್ವಾಸಕೋಶಗಳ ಸ್ಥಾನದಲ್ಲಿ ತಗುಲಿದರೆ ಮೃಗವು ಬಹುಬೇಗನೆ ಪ್ರಜ್ಞೆಯನ್ನು ಕಳೆದುಕೊಳ್ಳುತ್ತದೆ. ಜಿಂಕೆ ಕಡವೆಗಳಿಗೆ ಇದು ತಕ್ಕುದು. ಆನೆ ಕಾಟಿಗಳಲ್ಲಿಯಾದರೋ ಮೃದುವಾದ ಗುಂಡು ದಪ್ಪ ಎಲುಬಿನಲ್ಲಿಯೇ ಒಡೆದು ಮರ್ಮವನ್ನು ಮುಟ್ಟದೆ ಹೋಗಬಹುದು. 1912ರಲ್ಲಿ ಬಂದ .375 ಬೋರಿನ ರೈಫಲಿಗೆ ಸುಮಾರು 19 ಗ್ರಾಂ ತೂಕದ ಗುಂಡು ಎರಡು ಬಗೆಯಲ್ಲಿಯೂ ಒದಗುತ್ತಿದ್ದುದು ಇದಕ್ಕಾಗಿಯೇ. ಗುಂಡು ತೀರ ಹಗುರವಾಗಿ ಅತಿವೇಗದಿಂದ ಬಂದರೆ ಭುಜದ ಮೇಲೆಯೇ ಚೂರಾಗಿ ಹೊರಗಾಯವನ್ನಷ್ಟೆ ದೊಡ್ಡದು ಮಾಡುವುದೂ ಉಂಟು.

ಇಲ್ಲಿ ಒಂದು ಆಶ್ಚರ್ಯವಿದೆ. ಅರಳುವ ಈ ಜಾತಿಯ ಗುಂಡನ್ನು ಸೈನ್ಯಕ್ಕಾಗಿ 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ತಯಾರಿಸಿದರು. 1899ರಲ್ಲಿ ಹೇಗ್ ನಗರದ ಸಮ್ಮೇಳನವು ಅದು ಕ್ರೂರವೆಂದು ಯುದ್ಧದಲ್ಲಿ ನಿಷೇಧಿಸಿತು. ಇಂಗ್ಲೆಂಡಿನ 1991ರ ಜಿಂಕೆಗಳ ಶಾಸನವಾದರೋ ಮೃದುಮುಖದ ಅಥವಾ ಟೊಳ್ಳುಮುಖದ ಗುಂಡಲ್ಲದೆ ಬೇರೆಯ ರೈಫಲ್ ಗುಂಡು ಜಿಂಕೆಗೆ ಕೂಡದೆಂದು ವಿಧಿಸಿತು. ಮನುಷ್ಯನಲ್ಲಿ ಕ್ರೌರ್ಯವೆನಿಸಿದುದು ಮೃಗದಲ್ಲಿ ದಯೆಯಾಯಿತು! ಇದು ವಿರೋಧವೋ, ವಿರೋಧಾಭಾಸವೋ?

ಉದ್ದೇಶವನ್ನು ನೋಡಿದರೆ ಪರಿಹಾರ ಹೊಳೆಯುತ್ತದೆ. ಶತ್ರುವನ್ನು ಕಾದಲಾರದವನನ್ನಾಗಿ ಮಾಡಿದರೆ ಸಾಕು, ಅದಕ್ಕೆ ಮೀರಿದ ಯಾತನೆ ಅಧರ್ಮವೆಂದು 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆಯೇ ಸಾರಿತ್ತು. ಬಿದ್ದ ಸೈನಿಕನನ್ನು ಎತ್ತಿಕೊಂಡು ಹೋಗುವವರುಂಟು. ಅವನು ಗುಣಹೊಂದಿ ಮನೆ ಸೇರಬಹುದು. ಮೃಗಕ್ಕೆ ಆಸ್ಪತ್ರೆಯಿಲ್ಲ, ಸಂಧಿಯಿಲ್ಲ, ಶುಶ್ರೂಷೆಯಿಲ್ಲ. ಅಲ್ಲಿ ಉದ್ದೇಶವೇ ಮರಣವಾದುದರಿಂದ ಅರೆಗಾಯವೇ ಮಹಾಕ್ರೌರ್ಯ. ಸಾಧನದಲ್ಲಿ ಸ್ವತಃ ದಯೆಯೂ ಇಲ್ಲ, ಕ್ರೌರ್ಯವೂ ಇಲ್ಲ. ಯಾರ ಮೇಲೆ, ಏತಕ್ಕಾಗಿ ಎಂಬುದರಿಂದ ಅದು ನಿರ್ಣಯವಾಗುತ್ತದೆ.

ನಮ್ಮ ಪೂರ್ವಿಕರಿಗೆ ಈ ವಿವೇಕ ಅಪರಿಚಿತವಲ್ಲ. ಕಿವಿಮುಳ್ಳುಗಳುಳ್ಳ ಬಾಣ, ವಿಷಲೇಪಿತ ಬಾಣಗಳಿಂದ ಕಾದಬಾರದೆಂದು ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ನಿಷೇಧವಿದೆ. ಮಹಾಭಾರತದಲ್ಲಿ ಮೃಗರೂಪದ ಕಿಂದಮ ಋಷಿ ಪಾಂಡುರಾಜನ ಮೇಲೆ ಹೊರಿಸಿದ ದೋಷವೂ ಬೇಟೆಯಾಡಿದನೆಂಬುದಲ್ಲ. ಕೂಟದಲ್ಲಿದ್ದ ಮೃಗವನ್ನು ಕಾಯದೆ ಹೊಡೆದನೆಂಬುದು. ಹಿಂಸೆಯೊಳಗೂ ಹೆಚ್ಚು ಕಡಿಮೆಗಳಿವೆಯೆಂಬುದು ಇವುಗಳ ಅಭಿಪ್ರಾಯ.

ಇದಕ್ಕೆ ಪೂರ್ವಪಕ್ಷವೊಂದುಂಟು: “ಕೊಲೆಯನ್ನು ಬಿಡಲಾರದವನು ಗುಂಡಿನ ಗುಣವನ್ನು ಚರ್ಚಿಸುವುದು ಮನಸ್ಸಾಕ್ಷಿಗೆ ಬೆಣ್ಣೆ ಹಚ್ಚಿದಂತೆ.” ಈ ಆಕ್ಷೇಪವನ್ನು ತಳ್ಳಿಹಾಕಲಾರೆ. ಒಳ್ಳೆಯ ಗುಂಡು ಕೊಲೆಯನ್ನು ಪುಣ್ಯವಾಗಿ ಮಾಡದು. ಅಜಾಗರೂಕತೆಯ ಗುರಿಯನ್ನೂ ತಿದ್ದದು. ಅದೇ ಮನುಸ್ಮೃತಿಯು ಬೇಟೆಯನ್ನು ರಾಜರ ಕಾಮಜವ್ಯಸನಗಳಲ್ಲಿ ಎಣಿಸಿದೆ. ಆದರೆ ಪೂರ್ಣವಾಗಿ ನಿವಾರಿಸಲಾಗದ ದುಃಖವನ್ನು ಕಡಿಮೆಮಾಡುವ ಹೊಣೆ ಅದರಿಂದ ಇಲ್ಲವಾಗುವುದಿಲ್ಲ. ಬೇಟೆಗಾರನ ಹೊಣೆ ಕುದುರೆಯೆಳೆದಾಗ ಮುಗಿಯುವುದೂ ಅಲ್ಲ. ಮೃಗದ ಕೊನೆಯ ಉಸಿರಿನವರೆಗೂ ಅದು ಅವನದೇ. ಆ ಹಿರಿಯರ ತಪ್ಪು ಗುಂಡಿನಲ್ಲಿ ಆರಂಭವಾಗಿ, ಕತ್ತಲಾಯಿತೆಂದು ಮನೆಗೆ ಬಂದುದರಲ್ಲಿ ದೊಡ್ಡದಾಯಿತು. ಅವರೊಡನೆ ಹಿಂದಿರುಗಿದವರೆಲ್ಲರೂ ಅದರ ಪಾಲುಗಾರರು.

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ತರುವಾಯ ನಮ್ಮಲ್ಲಿ ಕಡವೆ ಜಿಂಕೆಗಳ ಬೇಟೆ ಅಪರಾಧ. 1987ರಿಂದ ತಲಕಾವೇರಿಯ ಕಾಡು ಅಭಯಾರಣ್ಯ. ಹಾಗಾದರೆ ಈ ಚರ್ಚೆ ಏಕೆಂದು ಕೇಳಬಹುದು. ಕೋವಿ ಮನೆಯಲ್ಲಿದೆ; ತೋಟಕ್ಕೆ ನುಗ್ಗುವ ಮೃಗದ ಮೇಲೆ ಕೋಪವೂ ಇದೆ. ರಾತ್ರಿಯಲ್ಲಿ ಕೈಗೆ ಸಿಕ್ಕಿದ ತೋಟೆಯನ್ನು ತುಂಬಿ ಸದ್ದು ಬಂದತ್ತ ಹೊಡೆದು ಮಲಗುವವನು ಶಾಸನವನ್ನು ಮೀರುವುದಲ್ಲದೆ ಎಲ್ಲೋ ಒಂದು ತೊರೆಯ ದಡದಲ್ಲಿ ಮೂರು ದಿನಗಳ ಮರಣವನ್ನು ಇರಿಸಿ ಬಂದವನಾಗುತ್ತಾನೆ. ಅದನ್ನು ಅವನು ಕಾಣುವುದೂ ಇಲ್ಲ.

ಆ ಹಿರಿಯರು ಆಮೇಲೂ ಪ್ರತಿವರ್ಷ ಕೈಲ್ ಮುಹೂರ್ತದಲ್ಲಿ ಕೋವಿಯನ್ನು ಪೂಜಿಸಿದರು, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದರು. ಮೃಗಕ್ಕೆ ಹೊಡೆದುದನ್ನು ನಾನು ಕಾಣಲಿಲ್ಲ. ಯಾವ ಗುಂಡು ತಕ್ಕುದೆಂಬ ಪ್ರಶ್ನೆಯನ್ನು ಕೊನೆಯವರೆಗೂ ಪ್ರಾಮಾಣಿಕವಾಗಿ ವಿಚಾರಿಸಿದವನು ಹೊಡೆಯಬೇಕೆ ಎಂಬ ಪ್ರಶ್ನೆಯ ಬಾಗಿಲಿಗೇ ಬಂದು ನಿಲ್ಲುತ್ತಾನೆಂದು ನನಗೆ ತೋರುತ್ತದೆ. ಪ್ರಾಜ್ಞರು ವಿಚಾರಿಸಬೇಕು.