ಮಣ್ಣು ಕುದಿಯುವ ಮುನ್ನ

ಯಾ ಅಲ್ಲಾಹ್, ಫಜ್ರ್ ನಮಾಜು ಮುಗಿಸಿ ಜಾನಿಮಾಜು ಮಡಚಿಟ್ಟಿದ್ದೇನೆ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಉಳಿ, ಸುತ್ತಿಗೆ, ಬೆಳ್ಳಿ ತಂತಿಯ ಸುರುಳಿ ಕಾದಿವೆ. ಅರಬ್ಬಿಯಲ್ಲಿ ನಿನ್ನನ್ನು ಸ್ತುತಿಸಿದ್ದಾಯಿತು. ಮನೆಯಲ್ಲಿ ನಾವಾಡುವುದು ದಖ್ಖನಿ. ಇವತ್ತು ಕೇಳಬೇಕಾದದ್ದನ್ನು ಮಾತ್ರ ಕನ್ನಡದಲ್ಲಿ ಕೇಳುತ್ತೇನೆ. ಶಾಲೆಯಲ್ಲಿ ಕಲಿತ, ಸಂತೆಯಲ್ಲಿ ಚೌಕಾಸಿ ಮಾಡಿದ, ನೆರೆಮನೆಯವರ ಜೊತೆ ಕೂತು ಅತ್ತ ಭಾಷೆ ಇದು. ನಿನಗೆ ಬಾರದ ಭಾಷೆ ಯಾವುದಿದೆ?

ಎದುರಿಗೆ ಒಂದು ಹೂದಾನಿ ಇದೆ. 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಎರಕ ಹೊಯ್ದದ್ದು. ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ, ಆ ಕಪ್ಪಿನ ಮೇಲೆ ಬರಿಗೈಯಲ್ಲಿ ಬಳ್ಳಿ ಬರೆದೆ. ಬರೆದದ್ದನ್ನು ಉಳಿಯಿಂದ ಕೊರೆದೆ. ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಮೆಲ್ಲಗೆ ಬಡಿದೆ. ತಾರ್‌ಕಶಿ ಅನ್ನುತ್ತೇವೆ ಇದಕ್ಕೆ. 20 ದಿನ ಹಿಡಿಯಿತು. ನಿನ್ನೆ ಸಂಜೆ ಮತ್ತೆ ಉಜ್ಜಿದೆ, ಕಪ್ಪೆಲ್ಲ ಹೋಯಿತು. ಈಗ ಬೆಳ್ಳಿಯೂ ಒಂದೇ, ಸತುವೂ ಒಂದೇ. ಮಂಕು ಬೂದು ಬಣ್ಣ. ಬಳ್ಳಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬರೆದ ನಾನೇ ಬೆರಳಾಡಿಸಿ ಹುಡುಕಬೇಕು.

ಇನ್ನು ಮಣ್ಣಿನ ಸರದಿ. ಬೀದರ ಕೋಟೆಯೊಳಗೆ, ಮಳೆ ಬಿಸಿಲು ತಾಕದ ಹಳೆಯ ಜಾಗಗಳಿಂದ ತಂದ ಮಣ್ಣು. ಅಬ್ಬಾ ಅದರ ಒಂದು ಚಿಟಿಕೆಯನ್ನು ನಾಲಿಗೆಯ ತುದಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಸರಿಯಿದ್ದರೆ ತಲೆಯಾಡಿಸುವರು, ಇಲ್ಲದಿದ್ದರೆ ಉಗಿದು ಇಡೀ ಚೀಲ ಪಕ್ಕಕ್ಕಿಡುವರು. ರಂಜಾನಿನಲ್ಲಿ ಈ ಪರೀಕ್ಷೆ ಇಫ್ತಾರಿನ ನಂತರವೇ. ಖರ್ಜೂರದ ಸಿಹಿ ಬಾಯಲ್ಲಿದ್ದರೆ ಮಣ್ಣು ಸುಳ್ಳು ಹೇಳುತ್ತದೆ ಎಂದು ಮೊದಲು ಮೂರು ಸಲ ಬಾಯಿ ಮುಕ್ಕಳಿಸುವರು. ನನಗೂ ಹಾಗೇ ಕಲಿಸಿದರು. ಹೆಣ್ಣುಮಕ್ಕಳು ಮನೆಯಲ್ಲಿ ಕೂತು ತಂತಿ ಕೂರಿಸಿದರೆ ಸಾಕು, ಎರಕ, ಮಣ್ಣು ಗಂಡಸರದ್ದು ಎಂದು ನೆಂಟರು ಅಂದಾಗ ಅಬ್ಬಾ ಉತ್ತರ ಕೊಡಲಿಲ್ಲ. ಚಿಟಿಕೆ ಮಣ್ಣನ್ನು ನನ್ನ ಅಂಗೈಗೆ ಹಾಕಿದರು. ಒಡೆಯನೇ, ಅವರ ಗೋರಿಯನ್ನು ಬೆಳಕಿನಿಂದ ತುಂಬು.

ಬೆಂಗಳೂರಿನ ಒಂದು ಮೇಳದಲ್ಲಿ ಒಬ್ಬರು ನನ್ನ ಡಬ್ಬಿಯನ್ನು ತಿರುಗಿಸಿ ನೋಡಿ, ಮೆಚ್ಚಿ, ಹೆಸರು ಕೇಳಿದರು. ಹೇಳಿದೆ. ಡಬ್ಬಿ ಕೆಳಗಿಟ್ಟು, ‘ಮೂಲ ಎಲ್ಲಿಯವರು ನೀವು?’ ಅಂದರು. ಬೀದರ ಅಂದೆ. ‘ಅಲ್ಲ, ಮೂಲ?’ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ, ನಿನಗೆ ಗೊತ್ತು. ಈ ಬಿದ್ರಿ ಕಲೆ ಬಹಮನಿಗಳ ಕಾಲದಲ್ಲಿ ಇರಾನಿನಿಂದ ಬಂತು ಎಂದು ನಮ್ಮ ಹಿರಿಯರೇ ಹೇಳುತ್ತಾರೆ. ಬಂದಿರಬಹುದು. ಆದರೆ ಅದು ಕಪ್ಪಾದದ್ದು ಇಲ್ಲಿ. ಊರಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡದ್ದೂ ಇಲ್ಲಿ. ಆ ಗಿರಾಕಿಯ ಮೇಲೆ ನನಗೆ ಸಿಟ್ಟು ಉಳಿಯದ ಹಾಗೆ ಮಾಡು. ಇನ್ನೊಮ್ಮೆ ಅವರು ಬಂದರೆ, ಕೈಹಿಡಿದು ಕರೆದುಕೊಂಡು ಹೋಗಿ ನಮ್ಮೂರ ಪಕ್ಕದ ಅಷ್ಟೂರು ತೋರಿಸುವಷ್ಟು ದೊಡ್ಡ ಮನಸ್ಸು ಕೊಡು.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟದೊಳಗೆ ಕತ್ತಲೆ. ಕಾಯುವವರು ಬಾಗಿಲಲ್ಲಿ ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಗೆ ತಿರುಗಿಸುತ್ತಾರೆ. ಆ ಬೆಳಕು ಗೋಡೆಯ ಮೇಲೆ ಹರಿದಲ್ಲೆಲ್ಲ ಕೆಂಪು, ಬಂಗಾರದ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಮೊದಲ ಸಲ ನೋಡಿದಾಗ ನನಗೆ ಎಂಟು ವರ್ಷ, ಅಮ್ಮಿಯ ಸೆರಗು ಹಿಡಿದು ನಿಂತಿದ್ದೆ. ನಾನು ಕೆಲಸ ಕಲಿಯಲು ಕೂತದ್ದು ಅಬ್ಬಾನ ಎದುರಿಗೆ, ಆದರೆ ಕಲಿತದ್ದು ಆ ಕನ್ನಡಿಯಿಂದ ಅಂತಲೇ ಇವತ್ತಿಗೂ ಅನ್ನಿಸುತ್ತದೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ಅಲ್ಲಿ ಉರುಸು. ಮಾಡಿಯಾಳದ ಜಂಗಮರು ಮೆರವಣಿಗೆಯಲ್ಲಿ ಬಂದು, ಶಂಖ ಊದಿ, ಕಾಯಿ ಒಡೆದು, ಗೋರಿಗೆ ಹೂವೇರಿಸುತ್ತಾರೆ. ನಮಗೆ ವಲಿಯಾದವನು ಅವರಿಗೆ ಅಲ್ಲಮಪ್ರಭು. ಇಷ್ಟು ಶತಮಾನ ಯಾರೂ ಈ ಲೆಕ್ಕ ತಪ್ಪೆಂದು ಅಳಿಸಿ ಬರೆಯಲಿಲ್ಲ. ಇನ್ನು ಮುಂದೆಯೂ ಯಾರೂ ಅಳಿಸದಿರಲಿ, ಮಾಲಿಕ್.

ಒಂದು ಮಾತು ನಿನ್ನ ಹತ್ತಿರ ಮಾತ್ರ ಹೇಳಿಕೊಳ್ಳಬೇಕು. ನಿನ್ನ 99 ಹೆಸರುಗಳಲ್ಲಿ ಮುಸವ್ವಿರ್ ಎಂಬುದೂ ಒಂದು: ರೂಪ ಕೊಡುವವನು. ರೂಪ ಮಾಡಿದವರನ್ನು ಅಂತ್ಯದಿನದಂದು ‘ಇದಕ್ಕೆ ಜೀವ ತುಂಬು’ ಎಂದು ಕೇಳಲಾಗುತ್ತದೆ ಎಂಬ ಹದೀಸನ್ನು ಚಿಕ್ಕಂದಿನಲ್ಲೇ ಕೇಳಿದ್ದೇನೆ. ಅದಕ್ಕೇ ನನ್ನ ಕೈ ಹೆಚ್ಚಾಗಿ ಬಳ್ಳಿ, ಎಲೆ, ಅಶರ್ಫಿ ಬೂಟಿಗಳ ಕಡೆಗೇ ಓಡುತ್ತದೆ. ಆದರೂ ನವಿಲು ಮಾಡಿದ್ದೇನೆ. ಕಲ್ಯಾಣದ ಕಡೆಯ ಮದುವೆ ಮನೆಯೊಂದಕ್ಕೆ ಬಸವಣ್ಣನವರ ಮುಖವನ್ನೂ ಮಾಡಿದ್ದೇನೆ. ಹುಬ್ಬಿನ ಬೆಳ್ಳಿ ಗೆರೆ ಕೂರಿಸುವಾಗ ಬಿಸ್ಮಿಲ್ಲಾ ಅಂದೇ ಸುತ್ತಿಗೆ ಎತ್ತಿದೆ. ವಾದ ಹೂಡಲು ಬಂದಿಲ್ಲ. ಜೀವ ತುಂಬುವವನು ನೀನೊಬ್ಬನೇ ಎಂದು ನನಗೆ ಗೊತ್ತಿದೆ, ತಂತಿಯ ತುದಿ ಬೆರಳಿಗೆ ಚುಚ್ಚಿದಾಗಲೆಲ್ಲ ಗೊತ್ತಾಗುತ್ತದೆ. ತಪ್ಪಿದ್ದರೆ ಕ್ಷಮಿಸು. ಆ ಮನೆಯವರು ಅದನ್ನು ಕಣ್ಣಿಗೊತ್ತಿಕೊಂಡಾಗ ನನ್ನ ಎದೆ ತುಂಬಿ ಬಂತು. ಅದನ್ನು ತಪ್ಪು ಅನ್ನಲು ನನ್ನಿಂದ ಆಗುತ್ತಿಲ್ಲ.

ಇನ್ನು ಬೇಡಿಕೆ. ಬೆಳ್ಳಿಯ ಬೆಲೆ ನಮ್ಮ ಕೈಗೆ ಎಟುಕುತ್ತಿಲ್ಲ, ಬರಕತ್ ಕೊಡು. ಚೌಬಾರಾದ ಸುತ್ತಲಿನ ಗಲ್ಲಿಗಳಲ್ಲಿ ಸುತ್ತಿಗೆಯ ಸದ್ದು ಕಡಿಮೆಯಾಗಿದೆ, ಹುಡುಗರು ಬೇರೆ ಕೆಲಸ ಹಿಡಿದಿದ್ದಾರೆ. ಅವರನ್ನು ಬಯ್ಯಲಾರೆ, ಅವರಿಗೂ ಮಕ್ಕಳಿದ್ದಾರೆ. 2023ರಲ್ಲಿ ನಮ್ಮೂರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಊರಿಗೆ ಊರೇ ಹಿಗ್ಗಿತು. ಆ ಹಿಗ್ಗು ಕೂಲಿಯಾಗಿಯೂ ಇಳಿಯಲಿ. ಹಳೆಯ ಕುಶಲಕರ್ಮಿಗಳ ಕಣ್ಣು ಮಂಜಾಗುವ ಮೊದಲು ಹೊಸ ಕಣ್ಣುಗಳು ಬರಲಿ. ಪಕ್ಕದ ಓಣಿಯ ಇಬ್ಬರು ಹುಡುಗಿಯರು ಬರುತ್ತಿದ್ದಾರೆ, ಒಬ್ಬಳ ಹಣೆಯಲ್ಲಿ ವಿಭೂತಿ, ಇನ್ನೊಬ್ಬಳ ತಲೆಯ ಮೇಲೆ ದುಪಟ್ಟಾ. ಇಬ್ಬರದೂ ಗೆರೆ ಇನ್ನೂ ನಡುಗುತ್ತದೆ. ಅವರ ಕೈ ನಿಲ್ಲಿಸು.

ನೀರು ಕಾದಿದೆ. ಮಣ್ಣು, ನವಸಾಗರ ಹಾಕಿ ಕಲಕುತ್ತಿದ್ದೇನೆ. ಹೂದಾನಿಗೆ ಇದು ತಾಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ತೊಳೆದು ಎಣ್ಣೆ ಸವರಿದರೆ ಮುಗಿಯಿತು. ಹುಡುಗಿಯರು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಅವರಿಗೆ ಇದನ್ನು ನೋಡುವುದು ಇದೇ ಮೊದಲು. ಒಂದು ಚಿಟಿಕೆ ಮಣ್ಣನ್ನು ತೆಗೆದಿಟ್ಟಿದ್ದೇನೆ, ಇಬ್ಬರ ಅಂಗೈಗೂ ಹಾಕಬೇಕು. ಆಮೀನ್.